ಬಾಣಂತಿ ಕೋಣೆಯ ಕಿಟಕಿ

ನವೆಂಬರ್ 24, 2024, ಭಾನುವಾರ. ಕಂಪ್ಲಿ

ಇವತ್ತಿನಿಂದ ಬರೆದಿಡುತ್ತೇನೆ. ಎದುರು ಮನೆಯ ಪರಶುರಾಮ್ ತನ್ನ ಮಾಳಿಗೆಯ ಟವರಿಗೆ ಮತ್ತೆ ಮೂರು ಬಿಳಿ ಡಬ್ಬಿ ಹಾಕಿಸಿಕೊಂಡಿದ್ದಾನೆ. ಅದರಲ್ಲೊಂದರ ಮುಖ ನೇರ ನಮ್ಮ ಒಳಕೋಣೆಯ ಕಿಟಕಿಗಿದೆ. ಏನಪ್ಪಾ ಇದು ಎಂದು ಕೇಳಿದರೆ, ಫೈವ್ ಜಿ ಬಂತು, ಇನ್ನು ನಿಮಗೂ ನೆಟ್ ಜೋರಾಗಿ ಸಿಗುತ್ತದೆ ಅಂತ ನನಗೇ ಉಪಕಾರ ಮಾಡಿದವನ ಹಾಗೆ ಹೇಳಿದ. ನನ್ನ ನೆಟ್ಟಿನ ಚಿಂತೆ ಇವನಿಗೆ ಯಾವಾಗಿನಿಂದ ಹತ್ತಿತೋ.

ನನ್ನ ಚಿಂತೆ ಗಂಗೋತ್ರಿಯದು. ಒಬ್ಬಳೇ ಮಗಳು. ಬಂಡ್ರಿಗೆ ಕೊಟ್ಟು ಎರಡು ವರ್ಷವಾಯಿತು. ಚೊಚ್ಚಲ ಹೆರಿಗೆಗೆ ಇನ್ನು ಹದಿನೈದು ದಿನದಲ್ಲಿ ತವರಿಗೆ ಬರುತ್ತಾಳೆ. ಬಾಣಂತನ ಅದೇ ಒಳಕೋಣೆಯಲ್ಲಿ ಆಗಬೇಕು, ಮನೆಯಲ್ಲಿ ಬೇರೆ ಕೋಣೆ ಇಲ್ಲ. ಹಸುಗೂಸಿನ ತಲೆಬುರುಡೆ ಎಷ್ಟು ತೆಳು ಇರುತ್ತದೆ ಎಂದು ಯಾರಿಗೆ ಗೊತ್ತಿಲ್ಲ.

ನಾನು ಇಪ್ಪತ್ತೆರಡು ವರ್ಷದಿಂದ ರೈಸ್ ಮಿಲ್ಲಿನಲ್ಲಿ ಲಾರಿ ತೂಗುವ ಕಾಟಾದಲ್ಲಿ ಕೂತವನು. ಭತ್ತದ ಲಾರಿ ಕಾಟಾ ಮೇಲೆ ಬಂದು ನಿಂತರೆ, ಡ್ರೈವರ್ ಇಳಿದಿದ್ದಾನೋ ಒಳಗೇ ಕೂತಿದ್ದಾನೋ ಅಂಕಿ ನೋಡಿ ಹೇಳಬಲ್ಲೆ. ಅಳೆಯದೆ ಆಡಿದ ಮಾತನ್ನು ನಂಬುವ ಅಭ್ಯಾಸ ನನಗಿಲ್ಲ.

ನವೆಂಬರ್ 29, ಶುಕ್ರವಾರ

ಮಿಲ್ಲಿಗೆ ಅರ್ಧ ದಿನ ರಜೆ ಹಾಕಿ ಕಚೇರಿ ಸುತ್ತಿದೆ. ಮೊದಲನೆಯವರು ಇದು ನಮಗೆ ಸೇರಿದ್ದಲ್ಲ ಎಂದರು. ಎರಡನೆಯವರು ಲಿಖಿತ ಕೊಡಿ, ಯಾರಿಗೆ ಏನು ತೊಂದರೆ ಎಂದು ದಿನಾಂಕ ಹಾಕಿ ಬರೆಯಿರಿ ಎಂದರು. ಸಂಜೆ ಟವರ್ ಹತ್ತಿರ ಕಂಪನಿಯವನು ಸಿಕ್ಕ. ಒಳ್ಳೆಯ ಮನುಷ್ಯನೇ. ಫೋನಿನಲ್ಲಿ ಒಂದು ಪ್ರಮಾಣಪತ್ರ ತೋರಿಸಿದ. ವಿಕಿರಣ ಮಿತಿಯೊಳಗಿದೆ ಎಂದು ಬರೆದಿತ್ತು. ಅಳೆದವರು ಯಾರು ಅಂದೆ. ನಾವೇ ಅಂದ. ಕಂಪನಿಯವರೇ ಬರೆದುಕೊಡುವುದು ಪದ್ಧತಿಯಂತೆ, ದೂರಸಂಪರ್ಕ ಇಲಾಖೆಯವರು ಅವುಗಳಲ್ಲಿ ಕೆಲವನ್ನು ಆರಿಸಿ ಬಂದು ನೋಡುತ್ತಾರಂತೆ.

ನನಗೆ ನಗು ಬಂತು. ನನ್ನ ಕಾಟಾ ಸರಿ ಇದೆ ಎಂದು ನಾನೇ ಚೀಟಿ ಬರೆದುಕೊಂಡು ಗೋಡೆಗೆ ಅಂಟಿಸಿದರೆ, ಭತ್ತ ತಂದ ರೈತ ನನ್ನ ಮುಖಕ್ಕೆ ಉಗಿಯುತ್ತಾನೆ. ಈ ಮಾತನ್ನು ಓಣಿಯ ಕಟ್ಟೆಯ ಮೇಲೆ ಹೇಳಿದಾಗ ಎಲ್ಲರೂ ತಲೆದೂಗಿದರು. ಅಲ್ಲೇ ಅರ್ಜಿಗೆ ಮೂವತ್ತೊಂದು ಸಹಿ ಆಯಿತು. ಸರಿಯಾಗಿ ಮಾತಾಡಿದೆ ಅನ್ನಿಸಿತು.

ಡಿಸೆಂಬರ್ 8, ಭಾನುವಾರ

ಗಂಗೋತ್ರಿ ಬಂದಳು. ಅಳಿಯ ಮಾರೇಶ್ ಬಿಟ್ಟುಹೋದ. ತೋರಣಗಲ್ಲಿನ ಫ್ಯಾಕ್ಟರಿಯಲ್ಲಿ ಕಾಂಟ್ರಾಕ್ಟ್ ಕೆಲಸ ಅವನದು, ಊಟಕ್ಕೂ ಕೂಡದೆ ಶಿಫ್ಟಿಗೆ ಓಡಿದ. ಮಗಳು ಬಂದ ಕೂಡಲೇ ಅವಳ ಫೋನು ಇಸಿದುಕೊಂಡು ಅಡುಗೆಮನೆಯ ಗೂಡಿನಲ್ಲಿಟ್ಟೆ. ಅವಳ ಅವ್ವ ನಿಂಗಕ್ಕ ಗೊಣಗಿದಳು. ಗಂಗೋತ್ರಿ ನಕ್ಕು, ಅಪ್ಪ ನನ್ನನ್ನೂ ಕಾಟಾ ಮೇಲೆ ನಿಲ್ಲಿಸದಿದ್ದರೆ ಸಾಕು ಅಂದಳು. ಮನೆ ತುಂಬಿದಂತಾಗಿದೆ.

ಡಿಸೆಂಬರ್ 15, ಭಾನುವಾರ

ಇವತ್ತು ಬೆಳಗಿನಿಂದ ಸಂಜೆತನಕ ಕೆಲಸ. ಲೋಹವನ್ನು ಆ ಅಲೆ ದಾಟುವುದಿಲ್ಲ ಎಂದು ಫೋನಿನಲ್ಲಿ ಓದಿದ್ದೆ. ಮಿಲ್ಲಿನ ಹಳೇ ಛಾವಣಿಯ ತಗಡು ಮಾಲೀಕರನ್ನು ಕೇಳಿ ತಂದು, ಅಳತೆಗೆ ಕತ್ತರಿಸಿ, ಒಳಕೋಣೆಯ ಕಿಟಕಿಗೆ ಹೊರಗಿನಿಂದ ಬೋಲ್ಟ್ ಹಾಕಿ ಕೂರಿಸಿದೆ. ಮೇಲಿನ ಬೆಳಕಿಂಡಿಗೂ ಹೊಡೆದೆ. ಸ್ವಲ್ಪ ಸಂದಿ ಇದ್ದರೂ ಅಲೆ ನುಗ್ಗುತ್ತದಂತೆ. ಅದಕ್ಕೇ ಅಂಚಿಗೆಲ್ಲ ಎಂ-ಸೀಲ್ ಮೆತ್ತಿದೆ.

ನಿಂಗಕ್ಕ ಕೆಳಗೆ ನಿಂತು ನೋಡಿದಳು. ಬಾಣಂತಿಗೆ ಹೊರಸಿನ ಕೆಳಗೆ ಕೆಂಡ ಇಡಬೇಕು, ಹೊಗೆ ಎಲ್ಲಿಂದ ಹೋಗಬೇಕು ಅಂದಳು. ಬಾಗಿಲು ಇಲ್ಲವೇ ಅಂದೆ.

ಆನ್‌ಲೈನಲ್ಲಿ ತರಿಸಿದ ವಿಕಿರಣ ಅಳೆಯುವ ಯಂತ್ರ ಇಟ್ಟು ನೋಡಿದೆ. ಬೆಳಿಗ್ಗೆ ಕೋಣೆಯಲ್ಲಿ ಕೆಂಪು ದೀಪ ತೋರಿಸಿದ್ದು ಸಂಜೆಗೆ ಹಸಿರಾಯಿತು. ಮೂರು ಸಲ ನೋಡಿದೆ, ಮೂರು ಸಲವೂ ಹಸಿರು. ಅದನ್ನು ಕಂಡಾಗ ಆದ ಸಂತೋಷ ಹೇಳತೀರದು. ಪಕ್ಕದ ಮನೆಯ ಗಾಳೆಮ್ಮ ಬಂದು ನೋಡಿ, ನಮಗೂ ಒಂದು ಮಾಡಿಕೊಡು ಅಣ್ಣ ಅಂದಳು. ಅವಳ ಮಗಳು ಗಾಯತ್ರಿಯೂ ಜನವರಿಗೆ ಹೆರಿಗೆಗೆ ಬರುತ್ತಾಳೆ. ತಗಡು ಇನ್ನೂ ಉಳಿದಿದೆ, ಮುಂದಿನ ವಾರ ಹೊಡೆದುಕೊಡುತ್ತೇನೆ.

ಡಿಸೆಂಬರ್ 19, ಗುರುವಾರ

ಹೆಣ್ಣು. ಎರಡು ಕಿಲೋ ಎಂಟುನೂರಾ ನಲವತ್ತು ಗ್ರಾಂ. ನರ್ಸಮ್ಮ ತೂಗುವಾಗ ನಾನೂ ಬಗ್ಗಿ ಅಂಕಿ ನೋಡಿದೆ. ಎಷ್ಟೋ ಸಾವಿರ ಲಾರಿ ತೂಗಿದ್ದೇನೆ, ಇವತ್ತಿನ ಹಾಗೆ ಕಣ್ಣು ಮಂಜಾಗಿರಲಿಲ್ಲ.

ಡಿಸೆಂಬರ್ 23, ಸೋಮವಾರ

ನಿನ್ನೆ ಮನೆಗೆ ಕರೆತಂದೆವು. ಬಿಸಿನೀರಿನ ಸ್ನಾನ, ತಲೆಗೆ ಬಟ್ಟೆ, ಹೊರಸಿನ ಮೇಲೆ ತಾಯಿ ಮಗು, ಕೆಳಗೆ ಬಾಂಡ್ಲಿಯಲ್ಲಿ ಇದ್ದಿಲ ಕೆಂಡ. ಗಂಗೋತ್ರಿ ಹುಟ್ಟಿದಾಗಲೂ ನಮ್ಮವ್ವ ಹೀಗೇ ಮಾಡಿದ್ದಳು. ಆಗ ನಾಡಹೆಂಚಿನ ಮನೆ. ಈಗ ಆರ್‌ಸಿಸಿ, ಚಳಿ ಒಳಗೆ ಬರುವುದಿಲ್ಲ. ಮಗು ನಿದ್ದೆಯಲ್ಲಿ ತುಟಿ ಸೊಟ್ಟ ಮಾಡುತ್ತದೆ.

ಗಾಳೆಮ್ಮನ ಮನೆಗೂ ತಗಡು ಹೊಡೆದು ಬಂದೆ.

ಡಿಸೆಂಬರ್ 30, ಸೋಮವಾರ

ಬೆಳಿಗ್ಗೆ ಹತ್ತೂವರೆ. ಸ್ನಾನ ಮುಗಿಸಿ ಮಲಗಿದ್ದ ಗಂಗೋತ್ರಿ, ತಲೆ ಭಾರ ಆಗುತ್ತಿದೆ, ಉಸಿರು ಕಟ್ಟಿದಂತಾಗುತ್ತಿದೆ ಅಂದಳು. ಕೂಡಲೇ ಯಂತ್ರ ಹಿಡಿದು ಕೋಣೆ ಸುತ್ತಿದೆ. ಕಿಟಕಿಯ ಕಡೆ ಹಸಿರು, ಬಾಗಿಲ ಕಡೆ ಹಳದಿ. ಅಲ್ಲಿಗೆ ಗೊತ್ತಾಯಿತು. ಪರಶುರಾಮನ ಡಬ್ಬಿಯ ಅಲೆ ಅಂಗಳದ ಗೋಡೆಗೆ ಬಡಿದು ಬಾಗಿಲಿನಿಂದ ಒಳಗೆ ಬರುತ್ತಿದೆ.

ಮಧ್ಯಾಹ್ನ ಮಿಲ್ಲಿನಿಂದ ಬೆಳ್ಳಿಬಣ್ಣದ ಹಾಳೆ ತಂದು ಕಂಬಳಿಗೆ ಹೊಲಿಸಿ ಬಾಗಿಲಿಗೆ ಇಳಿಬಿಟ್ಟೆ. ನೆಲಕ್ಕೆ ತಾಗುವ ಹಾಗೆ ಬಿಗಿಯಾಗಿ ಕೂತಿದೆ. ಅರ್ಜಿಗೆ ಒಂದು ಒಳ್ಳೆಯ ಸಾಕ್ಷಿ ಸಿಕ್ಕಂತಾಯಿತು. ದಿನಾಂಕ, ವೇಳೆ, ಲಕ್ಷಣ.

ಜನವರಿ 2, 2025, ಗುರುವಾರ

ಬೆಳಿಗ್ಗೆ ಹನ್ನೊಂದು. ತಲೆನೋವು, ವಾಂತಿ ಬಂದಂತೆ. ಉಸಿರು ಕಟ್ಟುತ್ತಿದೆ ಎಂದು ಮತ್ತೆ ಹೇಳಿದಳು. ಬರೆದುಕೊಂಡೆ.

ನಿಂಗಕ್ಕ ಕಂಬಳಿ ಸರಿಸಿ ಬಾಗಿಲು ತೆಗೆದಿಟ್ಟಿದ್ದಳು. ನಾನು ಮುಚ್ಚಿದೆ. ಜಗಳವಾಯಿತು. ಯಂತ್ರವನ್ನು ಅವಳ ಮುಖಕ್ಕೆ ಹಿಡಿದು, ಇದು ಸುಳ್ಳು ಹೇಳುತ್ತದೇನು ಎಂದು ಕೂಗಿದೆ. ಅವಳು ಒಲೆಯ ಮುಂದೆ ಹೋಗಿ ಕೂತಳು. ನಾನು ಇಷ್ಟೆಲ್ಲ ಬಡಿದಾಡುವುದು ಯಾರಿಗಾಗಿ ಎಂದು ಅವಳಿಗೆ ತಿಳಿಯುವುದಿಲ್ಲ.

ಇಲಾಖೆಯವರು ಬಂದು ಅಳೆಯಲಿ ಎಂಬ ನಮ್ಮ ಅರ್ಜಿ ಸ್ವೀಕಾರವಾಗಿದೆ. ಎಲ್ಲರಿಗೂ ಬಹಳ ಉತ್ಸಾಹ.

ಜನವರಿ 4, ಶನಿವಾರ. ಹೊಸಪೇಟೆ

ಆಸ್ಪತ್ರೆಯ ಮೆಟ್ಟಿಲ ಮೇಲೆ ಕೂತಿದ್ದೇನೆ. ತಾಯಿಗೆ ಎಚ್ಚರವಾಗಿದೆ. ಮಗು ಒಳಗಿದೆ.

ಜನವರಿ 6, ಸೋಮವಾರ

ಶನಿವಾರ ಬೆಳಿಗ್ಗೆ ನಿಂಗಕ್ಕ ಊಟ ಕೊಡಲು ಕಂಬಳಿ ಸರಿಸಿದಾಗ ಗಂಗೋತ್ರಿ ಎಷ್ಟು ಕರೆದರೂ ಏಳಲಿಲ್ಲ. ಮಗು ಅವಳ ತೋಳಿನಲ್ಲಿ ಬಟ್ಟೆಯ ಹಾಗೆ ಜೋತಾಡುತ್ತಿತ್ತು. ಇಬ್ಬರನ್ನೂ ಅಂಗಳಕ್ಕೆ ಎಳೆದು ತಂದವಳು ನಿಂಗಕ್ಕ. ನಾನು ಮಿಲ್ಲಿನಿಂದ ಓಡಿಬರುವಷ್ಟರಲ್ಲಿ ಓಣಿಯವರು ಆಟೋದಲ್ಲಿ ಹಾಕಿದ್ದರು. ಕಂಪ್ಲಿಯಲ್ಲಿ ಆಕ್ಸಿಜನ್ ಹಚ್ಚಿ ಆಂಬುಲೆನ್ಸಿನಲ್ಲಿ ಇಲ್ಲಿಗೆ ಕಳಿಸಿದರು.

ಇವತ್ತು ಡಾಕ್ಟರಮ್ಮ ನಮ್ಮಿಬ್ಬರನ್ನೂ ಕರೆದರು. ನಾನು ಟವರಿನ ವಿಷಯ ತೆಗೆದೆ, ಈ ಪುಸ್ತಕವನ್ನೂ ಮುಂದಿಟ್ಟೆ. ಅವರು ಓದಲಿಲ್ಲ. ಹೊರಸಿನ ಕೆಳಗೆ ಕೆಂಡ ಇಟ್ಟಿದ್ದಿರಾ, ಕಿಟಕಿ ತೆರೆದಿತ್ತಾ, ಇವೆರಡೇ ಕೇಳಿದರು. ನಿಂಗಕ್ಕ ನನ್ನ ಮುಖ ನೋಡಿದಳು. ನಾನು ಹೇಳಿದೆ, ಕಿಟಕಿ, ಬೆಳಕಿಂಡಿ, ಎಂ-ಸೀಲ್, ಕಂಬಳಿ, ಎಲ್ಲ.

ಕೆಂಡದಿಂದ ಒಂದು ವಿಷಗಾಳಿ ಹೊರಡುತ್ತದಂತೆ. ಬಣ್ಣವಿಲ್ಲ, ವಾಸನೆಯಿಲ್ಲ. ಮುಚ್ಚಿದ ಕೋಣೆಯಲ್ಲಿ ತುಂಬಿಕೊಂಡು ರಕ್ತದೊಳಗೆ ಉಸಿರಿಗೆ ಜಾಗ ಇಲ್ಲದ ಹಾಗೆ ಮಾಡುತ್ತದಂತೆ. ರಕ್ತ ಪರೀಕ್ಷೆಯಲ್ಲಿ ಅದೇ ಬಂದಿದೆ. ತಲೆಭಾರ, ವಾಂತಿ, ಉಸಿರು ಕಟ್ಟುವುದು ಎಲ್ಲ ಅದರವೇ ಗುರುತು. ಟವರಿಗೂ ಇದಕ್ಕೂ ಸಂಬಂಧವಿಲ್ಲ ಅಂದರು. ಮಗು ಬದುಕುತ್ತದೆ, ಆದರೆ ಮೆದುಳಿಗೆ ಪೆಟ್ಟು ಬಿದ್ದಿದೆಯೋ ಇಲ್ಲವೋ ಈಗಲೇ ಹೇಳಲಾಗದು, ಕುತ್ತಿಗೆ ನಿಲ್ಲುವುದು, ಕೂರುವುದು, ಕರೆದರೆ ತಿರುಗುವುದು ಎಲ್ಲವನ್ನೂ ವರ್ಷವಿಡೀ ನೋಡುತ್ತಾ ಇರಬೇಕು ಅಂದರು.

ನಾನೇ ಮಾಡಿದೆ. ಬರೆಯಲು ಕೈ ಬರುವುದಿಲ್ಲ, ಆದರೂ ಬರೆಯುತ್ತೇನೆ. ನನ್ನ ಕೈಯಾರೆ, ಒಂದೊಂದೇ ಸಂದಿ ಹುಡುಕಿ ಹುಡುಕಿ ಮುಚ್ಚಿದೆ.

ಜನವರಿ 10, ಶುಕ್ರವಾರ. ಕಂಪ್ಲಿ

ಬಟ್ಟೆ ಒಯ್ಯಲು ಊರಿಗೆ ಬಂದೆ. ಓಣಿಯ ಬಾಯಿಗೆ ಬ್ಯಾನರ್ ಕಟ್ಟಿದ್ದಾರೆ. ಟವರ್ ವಿಕಿರಣಕ್ಕೆ ತಾಯಿ ಮಗು ಬಲಿಯಾಗುತ್ತಿದ್ದರು, ಕೂಡಲೇ ತೆರವು ಮಾಡಿ ಎಂದು ಬರೆಸಿದ್ದಾರೆ. ಸಹಿ ಮುನ್ನೂರು ದಾಟಿದೆ. ಎಲ್ಲರೂ ಸುತ್ತುವರಿದು ಕೈ ಹಿಡಿದುಕೊಂಡರು. ಟೀ ಅಂಗಡಿಯ ತಿಪ್ಪೇಶ್ ಅತ್ತೇಬಿಟ್ಟ. ಅವನ ತಾಯಿ ಕ್ಯಾನ್ಸರಿನಿಂದ ಹೋದವಳು, ಅದೂ ಇದರಿಂದಲೇ ಇರಬೇಕಲ್ಲವೇ ಹೊನ್ನೂರಪ್ಪಣ್ಣ ಎಂದು ಕೇಳಿದ. ನಾನು ಇಲ್ಲ ಅನ್ನಲಿಲ್ಲ, ಹೌದು ಅನ್ನಲಿಲ್ಲ. ನಾಳೆ ಹೇಳಿದರಾಯಿತು ಅಂದುಕೊಂಡೆ.

ಪರಶುರಾಮನ ಮನೆಯ ಗೋಡೆಗೆ ಯಾರೋ ಸಗಣಿ ಎರಚಿದ್ದಾರೆ. ಅವನ ಹೆಂಡತಿ ತೊಳೆಯುತ್ತಿದ್ದಳು, ನನ್ನನ್ನು ಕಂಡು ಸೆರಗು ಎಳೆದುಕೊಂಡು ಒಳಗೆ ಹೋದಳು.

ಜನವರಿ 13, ಸೋಮವಾರ. ಹೊಸಪೇಟೆ

ಬಿಡುಗಡೆಯಾಯಿತು. ಮಾರೇಶ್ ಆಸ್ಪತ್ರೆಯಿಂದಲೇ ಇಬ್ಬರನ್ನೂ ಬಂಡ್ರಿಗೆ ಕರೆದೊಯ್ದ. ಬಾಣಂತಿಯನ್ನು ತವರಿನಿಂದ ಇಪ್ಪತ್ತೈದು ದಿನಕ್ಕೇ ಎಬ್ಬಿಸಿಕೊಂಡು ಹೋಗುವುದು ನಮ್ಮಲ್ಲಿ ಎಲ್ಲೂ ಇಲ್ಲ. ಬೇಡ ಎನ್ನಲು ನನಗೆ ಬಾಯಿರಲಿಲ್ಲ.

ಗಾಡಿ ಹತ್ತುವ ಮುಂಚೆ ಅಳಿಯ ನನ್ನ ಹತ್ತಿರ ಬಂದು, "ಮಾವ, ಆ ಟವರ್ ಇರೋತನಕ ನಮ್ಮಾಕಿನ ಕಂಪ್ಲಿಗೆ ಕಳಸಂಗಿಲ್ರಿ. ನೀವು ಒಬ್ರೇ ಎಷ್ಟ್ ಬಡದಾಡ್ತೀರಿ, ನಾನೂ ಬರ್ತೀನಿ" ಅಂದ. ಆಯಿತಪ್ಪಾ ಅಂದೆ. ನಿಂಗಕ್ಕ ಆಚೆ ತಿರುಗಿ ನಿಂತಿದ್ದಳು. ಗಂಗೋತ್ರಿ ಮಗುವಿನ ಟೋಪಿ ಸರಿಮಾಡುತ್ತಲೇ ಇದ್ದಳು, ಕತ್ತೆತ್ತಲಿಲ್ಲ. ಅವಳಿಗೆ ಅವ್ವ ಎಲ್ಲ ಹೇಳಿದ್ದಾಳೆ ಎಂದು ಆಗಲೇ ತಿಳಿಯಿತು. ಗಂಡನಿಗೆ ಅವಳು ಹೇಳಿಲ್ಲ. ನನ್ನ ಮಾನವನ್ನು ಮಗಳು ಮುಚ್ಚಿಟ್ಟುಕೊಂಡು ಹೋದಳು.

ಜನವರಿ 18, ಶನಿವಾರ. ಕಂಪ್ಲಿ

ಇಲಾಖೆಯವರು ಬಂದರು. ಇನ್ನೂರು ಜನ ಸೇರಿದ್ದರು. ಅವರ ಯಂತ್ರ ದೊಡ್ಡದು, ನನ್ನ ಕಾಟಾದ ಹಾಗೆ ಅದಕ್ಕೂ ತಪಾಸಣೆಯ ಮುದ್ರೆ ಇತ್ತು. ನಾನು ದಿನಾಂಕ ನೋಡಿದೆ, ಚಾಲ್ತಿಯಲ್ಲಿತ್ತು. ನಮ್ಮ ಅಂಗಳ, ಮಾಳಿಗೆ, ಗಾಳೆಮ್ಮನ ಬಾಗಿಲು, ಶಾಲೆಯ ಮುಂದೆ, ಎಲ್ಲ ಕಡೆ ಅಳೆದರು. ಎಲ್ಲೂ ಮಿತಿಯ ಹತ್ತಿರಕ್ಕೂ ಬರಲಿಲ್ಲ. ನನ್ನ ಪುಟ್ಟ ಯಂತ್ರವನ್ನು ಅದರ ಪಕ್ಕ ಹಿಡಿದೆ. ನನ್ನದರಲ್ಲಿ ಕೆಂಪು. ಅಧಿಕಾರಿ ಅದನ್ನು ತಿರುಗಿಸಿ ನೋಡಿ, ಇದು ಆಟದ ಸಾಮಾನು, ಇದರ ಮೇಲೆ ಏನನ್ನೂ ತೀರ್ಮಾನಿಸಬೇಡಿ ಎಂದು ಮೆಲ್ಲಗೆ ಹೇಳಿದರು.

ಆದರೂ ಕೇಳಿದೆ, ನೀವು ಬರುತ್ತೀರಿ ಎಂದು ಕಂಪನಿಯವರಿಗೆ ಮೊದಲೇ ತಿಳಿದಿತ್ತೇ ಅಂತ. ತಿಳಿದಿತ್ತು, ಅವರ ಮನುಷ್ಯ ಇರಲೇಬೇಕು ಅಂದರು. ಮಿಲ್ಲುಗಳ ಕಡೆ ತಪಾಸಣೆಯ ಜೀಪು ಬಂದರೆ ಮೊದಲ ಮಿಲ್ಲು ದಾಟುವುದರೊಳಗೆ ಕೊನೆಯ ಮಿಲ್ಲಿಗೆ ಸುದ್ದಿ ಮುಟ್ಟುತ್ತದೆ, ಇದೂ ಹಾಗೆಯೇ ಅಲ್ಲವೇ ಅಂದೆ. ಅವರು, ನಿಮ್ಮ ಪ್ರಶ್ನೆ ಸರಿಯಾದದ್ದೇ, ಬರೆದು ಕೊಡಿ ಮೇಲಕ್ಕೆ ಕಳಿಸುತ್ತೇನೆ ಅಂದರು. ಎರಡು ತಿಂಗಳಲ್ಲಿ ಒಬ್ಬರು ನನ್ನ ಮಾತನ್ನು ಸರಿಯಾಗಿ ಕೇಳಿದ್ದು ಇವತ್ತೇ.

ಅಷ್ಟರಲ್ಲಿ ಜನ ಕೂಗಾಡಿದರು. ಅಂಕಿ ಯಾರಿಗೆ ಬೇಕು, ಇವರ ಮಗಳು ಸಾಯುತ್ತಿದ್ದಳಲ್ಲ, ಅದಕ್ಕೇನಂತೀರಿ ಎಂದು ತಿಪ್ಪೇಶ್ ನನ್ನ ತೋಳು ಹಿಡಿದು ಮುಂದಕ್ಕೆ ತಳ್ಳಿದ. ನೀವೇ ಹೇಳಿ ಎಂದು ಎಲ್ಲರೂ ಅಂದರು. ನಾನು ನೆಲ ನೋಡುತ್ತಾ ನಿಂತೆ. ದುಃಖಕ್ಕೆ ಮಾತು ಬರುತ್ತಿಲ್ಲ ಎಂದು ಅವರೇ ಅಂದುಕೊಂಡರು.

ಮನೆಗೆ ಬಂದಾಗ ನಿಂಗಕ್ಕ ಹೇಳಿದಳು. ಗಾಯತ್ರಿ ಹೆತ್ತು ನಿನ್ನೆಯೇ ಮನೆಗೆ ಬಂದಿದ್ದಾಳೆ, ಗಂಡುಮಗು. ಗಾಳೆಮ್ಮ ನಮ್ಮ ಮನೆಯಿಂದಲೇ ಇದ್ದಿಲು ಕೇಳಿ ಒಯ್ದಳಂತೆ. ನಾನಿನ್ನೂ ಆ ಮನೆಗೆ ಹೋಗಿ ಹೇಳಿಲ್ಲ. ನಿಂಗಕ್ಕ, ಬಾಗಿಲು ತೆಗೆದಿಡಿ ಎಂದು ಅವರಿಗೆ ಹೇಳಿ ಬಂದಿದ್ದಾಳೆ, ಆದರೆ ತಗಡು ಹೊಡೆದವರು ನೀವು, ನೀವೇ ಹೋಗಬೇಕು ಅಂದಳು.

ಜನವರಿ 19, ಭಾನುವಾರ

ಬೆಳಕು ಹರಿದ ಕೂಡಲೇ ಸ್ಪ್ಯಾನರ್ ಹಿಡಿದು ಹೋದೆ. ಎರಡು ಬೋಲ್ಟ್ ಬಿಚ್ಚುವಷ್ಟರಲ್ಲಿ ಗಾಳೆಮ್ಮ ಹೊರಗೆ ಬಂದಳು. ಹಿಂದೆಯೇ ಆಚೆ ಮನೆಯವರೂ ಬಂದರು.

"ನಿನ್ನ ಮಗಳನ್ನ ಆ ಟವರ್ ಹಂಗ ಮಾಡೇತಿ. ನೀನಾ ಬಂದು ನಮ್ಮ ತಗಡು ಬಿಚ್ಚತೀಯಲ್ಲಣ್ಣ" ಅಂದಳು.

"ಟವರ್ ಮಾಡಿಲ್ಲಕ್ಕ, ನಾ ಮಾಡೀನಿ" ಅಂದೆ. "ಕಿಟಕಿ ಮುಚ್ಚಿದೆ, ಕೆಂಡದ ಗಾಳಿ ಹೊರಗ ಹೋಗಲಿಲ್ಲ. ಡಾಕ್ಟರಮ್ಮ ಅವತ್ತಾ ಹೇಳಿದ್ರು. ಹದಿಮೂರು ದಿನ ಆತು, ನಾ ಯಾರ ಮುಂದೂ ಹೇಳಲಿಲ್ಲ."

ಗಾಳೆಮ್ಮ ನಂಬಲಿಲ್ಲ, ಕಂಪನಿಯವರು ಏನಾದರೂ ಕೊಟ್ಟರೇನು ಎಂದು ಕೇಳಿದಳು. ಆಗ ಒಳಗಿನಿಂದ ಗಾಯತ್ರಿಯ ದನಿ ಬಂತು. "ಬಿಚ್ಚಲಿ ಬಿಡವ್ವ. ನಿನ್ನೆಯಿಂದ ನನ್ನ ತಲಿ ಸಿಡಿಯಾಕ ಹತ್ತೈತಿ."

ಉಳಿದ ಬೋಲ್ಟು ಬಿಚ್ಚುವಾಗ ತಗಡನ್ನು ಗಾಳೆಮ್ಮನೇ ಹಿಡಿದುಕೊಂಡಳು. ತಾಯಿ ಮಗು ಇಬ್ಬರನ್ನೂ ಆಸ್ಪತ್ರೆಗೆ ಕರೆದೊಯ್ದು ತೋರಿಸಿಕೊಂಡು ಬಂದರು, ಏನೂ ಆಗಿಲ್ಲ. ಇನ್ನೊಂದು ದಿನ ತಡಮಾಡಿದ್ದರೆ ಏನಾಗುತ್ತಿತ್ತು ಎಂದು ಯೋಚಿಸಲು ಧೈರ್ಯವಿಲ್ಲ. ಹದಿಮೂರು ದಿನ ನಾನು ಕಾಪಾಡಿದ್ದು ನನ್ನ ಮರ್ಯಾದೆಯನ್ನು.

ಜನವರಿ 27, ಸೋಮವಾರ

ಬ್ಯಾನರ್ ಬಿಚ್ಚಿದ್ದಾರೆ. ತಿಪ್ಪೇಶ್ ನನಗೆ ಟೀ ಕೊಡುತ್ತಾನೆ, ಮುಖ ಕೊಡುವುದಿಲ್ಲ. ಪರಶುರಾಮ್ ಮಾತ್ರ ತಾನಾಗಿ ಬಂದು ಮಾತಾಡಿಸಿದ. ಈಗ ಗೊತ್ತಾಯಿತಲ್ಲ ಅಣ್ಣ, ಟವರಿನಿಂದ ಏನೂ ಆಗುವುದಿಲ್ಲ ಅಂತ, ಅಂದ. ನಾನು ಹೇಳಿದ್ದು ಅದಲ್ಲ. ನನ್ನ ಮಗಳಿಗೆ ಆದದ್ದು ಅದರಿಂದಲ್ಲ ಅಂದೆ, ಅಷ್ಟೇ. ಕಂಪನಿಯವರೇ ಅಳೆದು ಕಂಪನಿಯವರೇ ಬರೆದುಕೊಡುವುದು ಸರಿಯೇ ಎಂಬ ಮಾತು ಹಾಗೆಯೇ ಇದೆ. ಆ ಅಧಿಕಾರಿ ಬರೆದು ಕೊಡಿ ಎಂದಿದ್ದರು. ನಾಲ್ಕು ಸಲ ಕಾಗದ ತೆಗೆದುಕೊಂಡು ಕೂತೆ. ಕೆಳಗೆ ಸಹಿ ಮಾಡುವವನು ಯಾರು ಎಂದು ನೆನೆದು ಮಡಿಚಿಟ್ಟೆ. ಕೇಳಬೇಕಾದ ಪ್ರಶ್ನೆಯನ್ನೂ ನಾನೇ ಹಾಳು ಮಾಡಿದೆ.

ಮಾರೇಶನಿಗೆ ಫೋನ್ ಮಾಡಿ ಎಲ್ಲ ಹೇಳಿದೆ. ಭಾನುವಾರ ಬನ್ನಿ ಅಂದ.

ಫೆಬ್ರವರಿ 2, ಭಾನುವಾರ. ಬಂಡ್ರಿ

ಸಂಡೂರಿನಲ್ಲಿ ಬಸ್ ಬದಲಿಸಿ ಮಧ್ಯಾಹ್ನಕ್ಕೆ ಮುಟ್ಟಿದೆವು. ಬೀಗರು ಕುಂದ್ರಿ ಅಂದರು, ನೀರು ಕೊಟ್ಟರು. ಯಾರೂ ಒಂದು ಮಾತೂ ಅನ್ನಲಿಲ್ಲ. ಅಂದಿದ್ದರೆ ಚೆನ್ನಾಗಿತ್ತು.

ಮಗುವಿಗೆ ನಲವತ್ತೈದು ದಿನ. ನಿಂಗಕ್ಕ ಎತ್ತಿಕೊಂಡು, ನೋಡಿರಿ ನಗುತ್ತದೆ ಅಂದಳು. ನಾನು ಬಗ್ಗಿ ನೋಡಿದೆ. ನಕ್ಕಿತೋ ತುಟಿ ಅಲುಗಿತೋ ನನಗೆ ಹೇಳಲಾಗಲಿಲ್ಲ. ಚಪ್ಪಾಳೆ ತಟ್ಟಿ ನೋಡೋಣ ಎಂದು ಕೈ ಎತ್ತಿದವನು ಗಂಗೋತ್ರಿ ನೋಡುತ್ತಿರುವುದು ಕಂಡು ಇಳಿಸಿದೆ. ಇನ್ನು ಒಂದು ವರ್ಷ ಈ ಮನೆಯವರೆಲ್ಲ ಹೀಗೆ ಕದ್ದು ಕದ್ದು ಮಗುವನ್ನು ನೋಡುತ್ತಾ ಇರಬೇಕು.

ಎಲ್ಲರೂ ಊಟಕ್ಕೆ ಎದ್ದಾಗ ನಾವಿಬ್ಬರೇ ಉಳಿದೆವು. ಏನು ಹೇಳಬೇಕೆಂದು ಬಸ್ಸಿನುದ್ದಕ್ಕೂ ಕಟ್ಟಿಕೊಂಡು ಬಂದಿದ್ದೆ. ತಪ್ಪಾಯಿತವ್ವ ಅಂದೆ. ನಿನಗೂ ಕೂಸಿಗೂ ಒಳ್ಳೆಯದಾಗಲಿ ಅಂತಲೇ ಮಾಡಿದೆ, ಟವರಿನ ಬಗ್ಗೆ ಕೇಳಬೇಕಾದ್ದು ಇತ್ತು, ಕೇಳಿದೆ ಅಂದೆ. ಹೇಳುತ್ತಾ ಹೇಳುತ್ತಾ ಮತ್ತೆ ಕಂಪನಿ, ಪ್ರಮಾಣಪತ್ರ ಎಂದು ಶುರುಮಾಡಿದ್ದೆ, ನನಗೇ ಗೊತ್ತಾಗಲಿಲ್ಲ. ಅವಳು ಕೈ ಎತ್ತಿ ನಿಲ್ಲಿಸಿದಳು. ಸಿಟ್ಟಿರಲಿಲ್ಲ ದನಿಯಲ್ಲಿ.

"ನೀ ಟವರ್ ಬಗ್ಗೆ ಕೇಳಿದ್ದು ತಪ್ಪು ಅಂತ ನಾ ಅನ್ನಂಗಿಲ್ಲಪ್ಪ. ಉಸುರು ಕಟ್ಟತೈತಿ ಅಂತ ನಾ ಎರಡು ಸಲ ಹೇಳಿದೆ. ಎರಡೂ ಸಲ ನೀ ಬರಕೊಂಡಿ."

ಹೌದು, ಎರಡು ಸಲವೂ ಬರೆದುಕೊಂಡೆ.